ಯಾರ ಬಲಗಡೆ?

"ಇಳೀರಿ ಕೆಳಗೆ."

ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಮನುಷ್ಯ, ಮನುಷ್ಯನ ಕೈಯಲ್ಲಿ ಕೆಂಪು ಬಣ್ಣ ತೊಟ್ಟಿಕ್ಕುವ ಬ್ರಷ್. ಇಂಥ ಹೊತ್ತಿನಲ್ಲಿ ಬಾಗಿಲ ಕಡೆಯಿಂದ ಹೀಗೊಂದು ದನಿ ಬಂದರೆ ಯಾರಾದರೂ ಬೀಳಬೇಕು. ಅವನು ಬೀಳಲಿಲ್ಲ. ಬ್ರಷ್ಷನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಗೋಡೆ ಹಿಡಿದು, ನಿಧಾನವಾಗಿ ತಿರುಗಿ ನೋಡಿದ.

ಬಾಗಿಲಲ್ಲಿ ನಿಂತಿದ್ದವಳು ಶಾಲೆಯ ಕೆಮಿಸ್ಟ್ರಿ ಟೀಚರ್. ಮಕ್ಕಳು ಬೆನ್ನ ಹಿಂದೆ ಅವಳನ್ನು 'ಆಸಿಡ್ ಮಿಸ್' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

"ಆ ಬಾಣ ಏನದು?"

"ನೀವೇ ಹೇಳಿದ್ದಲ್ವಾ ಮೇಡಂ? ನಿನ್ನೆ ನೀವು ಪಾಠ ಮಾಡ್ತಿದ್ದಾಗ ನಾನು ಅಳತೆ ಟೇಪ್ ಹಿಡ್ಕೊಂಡು ಹಿಂದಿನ ಬೆಂಚಲ್ಲಿ ಕೂತಿದ್ದೆ. 'ಬಲಗಡೆಗೆ ಹೋದ ಹಾಗೆ ಹೆಚ್ಚುತ್ತೆ, ಪೇಂಟರೇ, ಬಾಣ ಹಾಗೇ ಹಾಕಿ' ಅಂದ್ರಿ."

"ಹೌದು. ಬಲಗಡೆಗೆ. ನೀವು ಹಾಕಿರೋದು ಎಡಗಡೆಗೆ."

ಅವನು ಗೋಡೆಯನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಗೋಡೆಯನ್ನು ನೋಡಿದ.

"ನಿಮ್ಮ ಬಲಗಡೆಗೆ ಹಾಕಿದೀನಿ ಮೇಡಂ. ನೀವು ಗೋಡೆಗೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ ನಿಂತಿದ್ರಿ."

"ಯಾವ ಟೀಚರ್ ತನ್ನ ಬಲ ಹೇಳ್ತಾಳೆ? ನಾವು ಹೇಳೋದು ಎದುರಿಗೆ ಕೂತು ನೋಡೋರ ಬಲ. ನಮಗೆ ಸ್ವಂತ ಬಲ ಅಂತ ಒಂದಿರಲ್ಲ."

"ನನ್ನ ಕಥೆನೂ ಅದೇ ಮೇಡಂ. ನಾನು ಅಂಗಡಿಗಳ ಗಾಜಿನ ಬಾಗಿಲ ಮೇಲೆ ಬರೆಯೋನು. ಒಳಗಡೆ ನಿಂತು ಅಕ್ಷರಗಳನ್ನೆಲ್ಲ ಉಲ್ಟಾ ಬರೀಬೇಕು, ಆಗ ಹೊರಗಿನವರಿಗೆ ನೆಟ್ಟಗೆ ಕಾಣುತ್ತೆ. ಎದುರಿಗಿರೋರ ಬಲ, ಎಡ ಎಲ್ಲ ಅವರ ಕಡೆಯಿಂದಲೇ ಲೆಕ್ಕ ಹಾಕಿ ಅಭ್ಯಾಸ ಆಗ್ಬಿಟ್ಟಿದೆ."

ಅವಳಿಗೆ ನಗು ಬಂತು. ಆಸಿಡ್ ಮಿಸ್ ನಕ್ಕರೆ ಹೆಸರು ಕೆಡುತ್ತದಲ್ಲ, ತುಟಿ ಬಿಗಿಹಿಡಿದಳು.

"ಬಿಳಿ ಬಣ್ಣ ಹೊಡೆದು, ಕಪ್ಪಲ್ಲಿ ತಿರುಗಿಸಿ ಬರೀತೀನಿ," ಎಂದ ಅವನು. "ಆದರೆ ಒಂದು ಮಾತು. ಕೆಂಪು ಬಹಳ ಹಠಮಾರಿ. ಮೇಲೆ ಎಷ್ಟು ಬಿಳಿ ಬಳಿದ್ರೂ ಒಂದಲ್ಲ ಒಂದು ದಿನ ಇಣುಕಿ ನೋಡುತ್ತೆ. ಆಮೇಲೆ ನನ್ನ ಬೈಬೇಡಿ."

"ನೋಡೋಣ," ಎಂದು ಅವಳು ಹೊರಟಳು. ಕಾರಿಡಾರಿನ ತಿರುವಿನಲ್ಲಿ ಯಾರೂ ಇಲ್ಲದ ಕಡೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆ ಗೋಡೆಯ ಕೆಲಸ ಬೇಗ ಮುಗಿಯುವಂಥದ್ದಾಗಿರಲಿಲ್ಲ. ಲ್ಯಾಬಿನ ಒಂದು ಗೋಡೆ ಪೂರ್ತಿ ಆವರ್ತಕ ಕೋಷ್ಟಕ. ಒಂದೊಂದು ಧಾತುವಿಗೂ ಒಂದು ಮನೆ, ಒಂದು ಬಣ್ಣ, ಒಂದು ಹೆಸರು. ಪೇಂಟರ್ ಕೈ ಚುರುಕಾಗಿತ್ತು, ಆದರೆ ಬಾಯಿ ಅದಕ್ಕಿಂತ ಚುರುಕು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವಳು ಉತ್ತರ ಪತ್ರಿಕೆ ತಿದ್ದುತ್ತ ಕೂರುವಳು. ಅವನು ಮೇಲಿನಿಂದ ಒಂದೊಂದು ಪ್ರಶ್ನೆ ಇಳಿಬಿಡುವನು. ಟರ್ಪಂಟೈನ್ ವಾಸನೆಗೆ ತಲೆ ನೋಯದಿರಲೆಂದು ರಸ್ತೆ ಕಡೆಯ ಎರಡೂ ಕಿಟಕಿಗಳನ್ನು ಅವಳೇ ತೆರೆದಿಡುತ್ತಿದ್ದಳು.

"ಟೀಚರ್, ಈ ಬಾಣದ ಕೆಳಗೆ ಬರೀಬೇಕಾದ ಪದ ನಾಲಿಗೇಲೇ ತಿರುಗ್ತಿಲ್ಲ. ವಿದ್ಯು... ದೃ..."

"ವಿದ್ಯುದೃಣತ್ವ."

"ಅಂದ್ರೆ?"

"ಎರಡು ಪರಮಾಣು ಒಂದು ಜೊತೆ ಎಲೆಕ್ಟ್ರಾನನ್ನ ಹಂಚ್ಕೊಂಡಿರ್ತವೆ ಅಂದ್ಕೊಳ್ಳಿ. ಒಂದೇ ಹೊದಿಕೆ ಹೊದ್ದು ಮಲಗಿರೋ ಅಕ್ಕ ತಂಗಿ ಹಾಗೆ. ಇಬ್ರಲ್ಲಿ ಯಾರು ತನ್ನ ಕಡೆ ಜೋರಾಗಿ ಎಳ್ಕೊಳ್ತಾರೆ ಅನ್ನೋದೇ ವಿದ್ಯುದೃಣತ್ವ. ಎಳೆತ ಸಮ ಇದ್ರೆ ಸಮಪಾಲು. ಒಬ್ರದ್ದು ಜಾಸ್ತಿ ಇದ್ರೆ ಹೊದಿಕೆ ಆ ಕಡೆಗೆ ಜಾರುತ್ತೆ. ತೀರಾ ಜಾಸ್ತಿ ಇದ್ರೆ ಪೂರ್ತಿ ಕಿತ್ಕೊಂಡೇ ಬಿಡ್ತಾರೆ."

"ಬಲಗಡೆಯವರಿಗೆ ಯಾಕೆ ಅಷ್ಟು ಜೋರು?"

"ಒಂದು ಸಾಲಲ್ಲಿ ಬಲಕ್ಕೆ ಹೋದ ಹಾಗೆ ಪರಮಾಣುವಿನ ನಡುವೆ ಪ್ಲಸ್ ಹೆಚ್ಚುತ್ತಾ ಹೋಗುತ್ತೆ, ಹೊರಗಿನ ಸುತ್ತು ಮಾತ್ರ ಅದೇ ಇರುತ್ತೆ. ಎಳೆತ ಬಿಗಿಯಾಗುತ್ತೆ. ಕೆಳಕ್ಕೆ ಇಳಿದ್ರೆ ಸುತ್ತಿನ ಮೇಲೆ ಸುತ್ತು ಸೇರುತ್ತೆ, ದೂರ ಜಾಸ್ತಿ ಆಗುತ್ತೆ. ನಡುವೆ ಜನ ತುಂಬ್ಕೊಂಡ್ರೆ ಯಜಮಾನನ ಮಾತು ಬಾಗಿಲವರೆಗೂ ತಲುಪಲ್ಲ ನೋಡಿ, ಹಾಗೆ ಎಳೆತ ಕಡಿಮೆ."

ಅವನು ಬ್ರಷ್ ಅದ್ದಿ ಪದದ ಮೊದಲ ಅಕ್ಷರ ಬರೆದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ.

"ಇದರೊಳಗೆ 'ಋಣ' ಇದೆಯಲ್ಲ ಟೀಚರ್. ಅದು ಋಣಾನುಬಂಧದ ಋಣನಾ?"

"ಅಲ್ಲರೀ. ಮೈನಸ್ ಅನ್ನೋ ಋಣ. ಎಲೆಕ್ಟ್ರಾನ್ ಮೈನಸ್ ಅಲ್ವಾ, ಅದನ್ನ ಎಳ್ಕೊಂಡೋರು ಮೈನಸ್ ಆಗ್ತಾರೆ."

"ಅಂದ್ರೆ ಯಾರು ಜಾಸ್ತಿ ಎಳ್ಕೊಳ್ತಾರೋ ಋಣ ಅವರ ತಲೆ ಮೇಲೆ. ನ್ಯಾಯವಾಗೇ ಇದೆ ಬಿಡಿ."

ಈ ಸಲ ಅವಳು ನಗುವನ್ನು ತಡೆಯಲಿಲ್ಲ. ಕೆಂಪು ಪೆನ್ನು ಕೆಳಗಿಟ್ಟು ನಕ್ಕಳು. ಅವನು ಮೇಲಿನಿಂದ ಆ ನಗುವನ್ನು ನೋಡಿದ, ಅವನ ಮುಂದಿನ ಅಕ್ಷರ ಸ್ವಲ್ಪ ಸೊಟ್ಟಗೆ ಬಂತು. ಅದು ಇಂದಿಗೂ ಸೊಟ್ಟಗೇ ಇದೆ.

"ನಿಮ್ಮ ಮನೆ ಇದರಲ್ಲಿ ಯಾವುದು?" ಎಂದು ಇನ್ನೊಂದು ದಿನ ಕೇಳಿದ.

"ಫ್ಲೋರಿನ್ ಅಂತಾರೆ ನಮ್ಮ ಹೆಡ್ ಮೇಡಂ. ಮೇಲೆ ಬಲ ತುದಿ. ಎಲ್ಲರಿಗಿಂತ ಜೋರು."

"ನಂದು?"

ಅವಳು ಗೋಡೆಯತ್ತ ನೋಡಿದಳು. ತಮಾಷೆಗೆಂದೇ ಹೇಳಿದಳು. "ಸೋಡಿಯಂ. ಎಡ ತುದಿ. ಹೊರಗಡೆ ಇರೋದೇ ಒಂದು ಎಲೆಕ್ಟ್ರಾನ್. ಅದನ್ನೂ ಯಾರಾದ್ರೂ ಬಂದ್ರೆ ಕೊಟ್ಟುಬಿಡೋ ಗುಣ."

"ಬೇಡ ಅಂದ್ರೆ?"

"ಏನು?"

"ಕೊಡೋಕೆ ಹೋದಾಗ ಆ ಕಡೆಯವರು ಬೇಡ ಅಂದ್ರೆ?"

ಅವಳು ತಲೆ ತಗ್ಗಿಸಿ ಪತ್ರಿಕೆ ಎಳೆದುಕೊಂಡಳು. 'ಇವನು ಕೆಮಿಸ್ಟ್ರಿ ಕೇಳ್ತಿದ್ದಾನಾ, ಬೇರೆ ಏನಾದ್ರೂ ಕೇಳ್ತಿದ್ದಾನಾ...' ಎಂದುಕೊಂಡು ಒಂದೇ ಉತ್ತರ ಪತ್ರಿಕೆಯನ್ನು ಎರಡು ಸಲ ತಿದ್ದಿದಳು.

ಕೊನೆಯ ಸಾಲಿಗೆ ಬಂದಾಗ ಅವಳೇ ಎಚ್ಚರಿಸಿದಳು. "ಬಾಣ ಫ್ಲೋರಿನ್ ಹತ್ರ ನಿಲ್ಲಲಿ. ಆಚೆ ಇರೋ ಕಟ್ಟಕಡೆಯ ಸಾಲಿಗೆ ತಾಗೋದು ಬೇಡ. ಅವು ಜಡ ಅನಿಲಗಳು. ಸಾಮಾನ್ಯವಾಗಿ ಯಾರ ಹತ್ರಾನೂ ಏನೂ ಕೇಳಲ್ಲ, ಯಾರಿಗೂ ಏನೂ ಕೊಡಲ್ಲ."

"ಸುಖವಾಗಿರ್ತಾವೆ ಅನ್ನಿ."

"ಸುಖನೋ ಏನೋ. ಒಂಟಿಯಾಗಿರ್ತಾವೆ," ಎಂದಳು ಅವಳು.

ಅವಳು ಇದ್ದದ್ದು ಅಕ್ಕ ಭಾವನ ಜೊತೆ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಊರಿನವರ ಅಳತೆಯೆಲ್ಲ ಅವಳ ತಲೆಯಲ್ಲಿತ್ತು, ತಂಗಿಯ ಅಳತೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿತ್ತು. ಚಿಕ್ಕಂದಿನಿಂದಲೂ ಇವಳು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ತಟ್ಟೆ ಖಾಲಿಯಾದರೂ ಬಡಿಸು ಎನ್ನುವವಳಲ್ಲ, ಬಡಿಸದಿದ್ದರೆ ಎರಡು ದಿನ ಮುಖ ಊದಿಸಿಕೊಂಡಿರುವವಳು.

"ಅಳದೇ ಇದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ ಕಣೇ," ಎಂದು ಅಕ್ಕ ಎಷ್ಟೋ ಸಲ ಹೇಳಿದ್ದಳು.

"ಕೇಳಿ ಪಡ್ಕೊಳ್ಳೋದು ಪ್ರೀತಿನಾ?" ಎನ್ನುವಳು ತಂಗಿ. ಈ ಒಂದು ಮಾತು ಅವಳಿಗೆ ಎಷ್ಟು ದುಬಾರಿಯಾಗಲಿದೆ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಗೋಡೆಯ ಕೆಲಸ ಮುಗಿದ ಸಂಜೆ ಅವನು ಡಬ್ಬಗಳ ಮುಚ್ಚಳ ಬಡಿದು, ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಹೊರಡದೆ ನಿಂತ.

"ಟೀಚರ್, ನಾಳೆ ಸಂಜೆ ಬಸ್ಸಿಗೆ ಬೇರೆ ಊರಿಗೆ ಹೋಗ್ತಿದೀನಿ. ಅಲ್ಲಿ ಬಸ್ ಡಿಪೋದ ಕೆಲಸ. ಬಸ್ಸುಗಳ ಮೇಲೆಲ್ಲ ಬರೆಯೋದು. ಬಹಳ ತಿಂಗಳು ಹಿಡಿಯುತ್ತೆ. ಅಮ್ಮನ್ನೂ ಕರ್ಕೊಂಡು ಹೋಗ್ತೀನಿ."

"ಓ..." ಎಂದಳು.

"ಅಮ್ಮನಿಗೆ ನಿಮ್ಮ ವಿಷಯ ಹೇಳಿದೀನಿ. ಅವರಿಗೆ ನಿಮ್ಮನ್ನ ನೋಡಬೇಕಂತೆ." ಅವನು ಕೈಗೆ ಅಂಟಿದ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದ. "ನನ್ನ ಮದುವೆ ಆಗ್ತೀರಾ?"

ಮೂವತ್ತು ಮಕ್ಕಳ ಬಾಯಿ ಒಂದೇ ನೋಟದಲ್ಲಿ ಮುಚ್ಚಿಸುವವಳು ತನ್ನ ಬಾಯಿ ತೆರೆಯಲಾರದೆ ನಿಂತಳು. 'ಹೌದು ಅನ್ನು... ಒಂದು ಪದ, ಅಷ್ಟೇ...' ಎಂದು ಮನಸ್ಸು ಗೋಗರೆಯುತ್ತಿತ್ತು.

ಅವನೇ ಅವಳ ಕಷ್ಟ ನೋಡಲಾರದೆ ಹೇಳಿದ. "ಈಗ ಹೇಳಬೇಡಿ. ಬೇಡ ಅನ್ನೋದನ್ನ ನಿಮ್ಮ ಬಾಯಿಂದ ಕೇಳೋ ಧೈರ್ಯ ನನಗೂ ಇಲ್ಲ. ನಾಳೆ ಬೆಳಿಗ್ಗೆ ಎದುರುಗಡೆ ಕನ್ನಡಕದ ಅಂಗಡಿ ಬೋರ್ಡು ಮುಗಿಸ್ತಿರ್ತೀನಿ. ಲ್ಯಾಬಿಗೆ ಎರಡು ಕಿಟಕಿ ಇದೆಯಲ್ಲ. ಹೌದು ಅಂದ್ರೆ ಬಲಗಡೆ ಕಿಟಕಿ ತೆಗೀರಿ. ಇಲ್ಲ ಅಂದ್ರೆ ಎಡಗಡೆದು. ನಾನು ಏನೂ ಕೇಳಲ್ಲ, ತೊಂದರೆ ಕೊಡಲ್ಲ. ಸುಮ್ಮನೆ ಹೋಗ್ತೀನಿ."

ಅವಳು ತಲೆಯಾಡಿಸಿದಳು.

ಮಾರನೆಯ ದಿನ ಎಲ್ಲರಿಗಿಂತ ಮೊದಲು ಶಾಲೆಗೆ ಬಂದಳು. ಮುಚ್ಚಿದ ಕಿಟಕಿಯ ಸಂದಿಯಿಂದ ನೋಡಿದರೆ ಎದುರು ಕಟ್ಟಡದ ಮುಂದೆ ಏಣಿ, ಏಣಿಯ ಮೇಲೆ ಅವನು. ಅವಳ ತಲೆ ತನ್ನ ಅಭ್ಯಾಸದ ಹಾಗೆ ಅಚ್ಚುಕಟ್ಟಾಗಿ ಕೆಲಸ ಮಾಡಿತು. ಅವನು ಆ ಕಡೆಯಿಂದ ನೋಡುತ್ತಿದ್ದಾನೆ, ಅವನ ಬಲ ಎಂದರೆ ಈ ಕಿಟಕಿ. ಚಿಲಕ ತೆಗೆದು ಎರಡೂ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲಕ್ಕೆ ತಳ್ಳಿದಳು.

ಅವನು ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಬ್ರಷ್ ಹಿಡಿದ ಕೈಯನ್ನು ಎದೆಗಿಟ್ಟು, ತಲೆ ಬಾಗಿಸಿದ.

ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. 'ಹೇಳಿಬಿಟ್ಟೆ...'

ಆ ದಿನ ಮಕ್ಕಳಿಗೆ ಆಸಿಡ್ ಮಿಸ್ಸಿನ ಗುರುತೇ ಸಿಗಲಿಲ್ಲ. ಬೀಕರ್ ಒಡೆದವಳಿಗೂ ಬೈಗುಳ ಬೀಳಲಿಲ್ಲ.

ಸಂಜೆ ಗೇಟಿನ ಹತ್ತಿರ ನಿಂತಳು. ಬಸ್ಸಿಗೆ ಮೊದಲು ಬಂದೇ ಬರುತ್ತಾನೆ. ಎದುರಿನ ಬೋರ್ಡು ಮುಗಿದಿತ್ತು, ಏಣಿ ಇರಲಿಲ್ಲ. ಕಾವಲುಗಾರ ಗೇಟಿಗೆ ಬೀಗ ಹಾಕಲು ಕಾದು ಕಾದು ಕೆಮ್ಮಿದ. ಬಸ್ಸು ಹೋಗುವ ಹೊತ್ತು ಬಂತು, ಹೋಯಿತು.

ಅವನು ಬರಲಿಲ್ಲ.

"ನಂಬರ್ ಇದೆಯಲ್ಲ, ಫೋನ್ ಮಾಡಿ ಕೇಳೇ," ಎಂದಳು ಅಕ್ಕ.

"ನಾನ್ಯಾಕೆ ಕೇಳಲಿ? ನಾನು ಹೇಳೋದು ಹೇಳಾಗಿದೆ. ಬರಬೇಕಾದೋನು ಅವನು."

"ಅಲ್ಲೇನು ತೊಂದರೆ ಆಯ್ತೋ ಏನೋ..."

"ತೊಂದರೆ ಆದ್ರೆ ಹೇಳೋಕೆ ಬಾಯಿಲ್ವಾ? ಹುಡುಗಿ ಒಪ್ಪೋವರೆಗೆ ಆಟ, ಒಪ್ಪಿದ ಮೇಲೆ ಬೇಡ. ಅಷ್ಟೇ."

ಒಂದು ತಿಂಗಳಾದ ಮೇಲೆ ಅವನ ಕರೆ ಬಂತು. ಮೇಜಿನ ಮೇಲೆ ಫೋನು ಗುಂಯ್‌ಗುಟ್ಟುತ್ತಿತ್ತು. ಅವಳು ಹೆಸರನ್ನು ನೋಡುತ್ತ ಕೂತಳು. ತೆಗೆದುಕೊಳ್ಳಬೇಕು ಎಂದು ಬೆರಳು ತುಡಿಯುತ್ತಿತ್ತು. ಗೇಟಿನ ಹತ್ತಿರ ನಿಂತ ಆ ಸಂಜೆ ನೆನಪಾಯಿತು. ಕರೆ ಕತ್ತರಿಸಿದಳು. ಇನ್ನೊಂದು ಸಲ ಮಾಡಲಿ, ಆಗ ತೆಗೆದುಕೊಳ್ಳುತ್ತೇನೆ ಎಂದುಕೊಂಡಳು.

ಇನ್ನೊಂದು ಸಲ ಬರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಗಾದೆ ಕಟ್ಟಿದ್ದಾರೆ. ಆಡದೇ ಉಳಿದ ಮಾತು ಏನಾಗುತ್ತದೆ ಎಂದು ಯಾರೂ ಕಟ್ಟಿಟ್ಟಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ. ಮನೆಯೊಳಗೇ ಓಡಾಡಿಕೊಂಡಿರುತ್ತದೆ, ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂರುತ್ತದೆ.

ವರ್ಷಗಳು ಕಳೆದವು. ಭಾವ ಎರಡು ಮೂರು ಸಂಬಂಧ ತಂದರು, ಅವಳು ಬೇಡ ಎಂದಳು. ಒಂದೊಂದು ವರ್ಷವೂ ಒಂದೊಂದು ಸುತ್ತಿನ ಹಾಗೆ ಸೇರುತ್ತದೆ, ಎಳೆತ ತಾನಾಗಿ ಕಡಿಮೆಯಾಗುತ್ತದೆ ಎಂದು ಅವಳು ನಂಬಿದ್ದಳು. ತರಗತಿಯಲ್ಲಿ ಹೇಳಿಕೊಡುವುದೆಲ್ಲ ಮನೆಯಲ್ಲಿ ನಡೆಯಬೇಕಲ್ಲ. ಯಾವುದೋ ಅಂಗಡಿಯ ಗಾಜಿನ ಮೇಲೆ ಕೈಬರಹದ ಅಕ್ಷರ ಕಂಡರೆ ಈಗಲೂ ಕಾಲು ನಿಲ್ಲುತ್ತಿತ್ತು.

"ನೀನು ಆ ಫ್ಲೋರಿನ್ ಅಲ್ಲ ಈಗ," ಎಂದರು ಒಮ್ಮೆ ಹೆಡ್ ಮೇಡಂ, ನಿವೃತ್ತಿಗೆ ಮೊದಲು. "ಅದರ ಪಕ್ಕದ ಸಾಲಿಗೆ ಹೋಗ್ಬಿಟ್ಟೆ. ಯಾರ ಜೊತೇನೂ ಸೇರಲ್ಲ."

ಅವಳು ನಕ್ಕಳು.

ಏಳನೆಯ ವರ್ಷದ ಬೇಸಿಗೆಗೆ ಗೋಡೆಯ ಬಿಳಿ ಬಣ್ಣ ತೆಳುವಾಯಿತು. ಒಂದು ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಮಿಸ್, ಅಲ್ಲಿ ಎರಡು ಬಾಣ ಇದೆ. ಒಂದು ಆ ಕಡೆ, ಒಂದು ಈ ಕಡೆ. ಯಾವುದು ಸರಿ?"

ಅವಳು ತಿರುಗಿ ನೋಡಿದಳು. ಕಪ್ಪು ಬಾಣದ ಹಿಂದೆ, ಬಿಳಿಯ ಒಳಗಿನಿಂದ, ಹಳೆಯ ಕೆಂಪು ಬಾಣ ಮಸುಕಾಗಿ ಇಣುಕುತ್ತಿತ್ತು. ಹಠಮಾರಿ ಎಂದು ಅವನು ಹೇಳಿದ್ದ.

"ಕಪ್ಪುದು ಸರಿ," ಎಂದಳು. "ಕೆಂಪುದು ತಪ್ಪಾಗಿ ಬಂದಿದ್ದು. ಪೇಂಟರ್ ಗಾಜಿನ ಮೇಲೆ ಬರೆಯೋರು. ಬಲಗಡೆ ಅಂದ್ರೆ ಎದುರಿಗಿರೋರ ಬಲ ಅಂತ ಅವರ ಅಭ್ಯಾಸ. ನನ್ನ ಬಲ ಅಂದ್ಕೊಂಡ್ರು. ನಾನು ಹೇಳಿದ್ದು ನಿಮ್ಮ..."

ಮಾತು ಅಲ್ಲೇ ನಿಂತಿತು.

ಎದುರಿಗಿರೋರ ಬಲ.

ಅವನು ಬಲಗಡೆ ಎಂದಾಗ ಯಾರ ಬಲ ಹೇಳಿದ್ದ?

"ಓದ್ತಾ ಇರಿ," ಎಂದು ಅವಳು ತರಗತಿಯಿಂದ ಹೊರಬಂದಳು. ಮೆಟ್ಟಿಲಿಳಿದು, ಗೇಟು ದಾಟಿ, ಲ್ಯಾಬ್ ಕೋಟಿನಲ್ಲೇ ರಸ್ತೆ ದಾಟಿದಳು. ಕನ್ನಡಕದ ಅಂಗಡಿಯ ಮುಂದೆ, ಏಣಿ ಇದ್ದ ಜಾಗದಲ್ಲಿ ನಿಂತು ಶಾಲೆಯತ್ತ ಮುಖ ಮಾಡಿದಳು.

ಎರಡು ಕಿಟಕಿಗಳು. ಅವನು ಹೇಳಿದ್ದು ಅವಳ ಬಲ. ಅವಳು ತೆರೆದದ್ದು ಅವನ ಬಲ. ಅವನ ಲೆಕ್ಕದಲ್ಲಿ ಅದು ಅವಳ ಎಡ. ಅವಳು 'ಇಲ್ಲ' ಎಂದಿದ್ದಳು. ಎರಡೂ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲ ತೆರೆದು 'ಇಲ್ಲ' ಎಂದಿದ್ದಳು. ಅವನು ಎದೆಗೆ ಕೈಯಿಟ್ಟು ತಲೆ ಬಾಗಿಸಿ, ಕೊಟ್ಟ ಮಾತಿನ ಹಾಗೆ ಏನೂ ಕೇಳದೆ, ತೊಂದರೆ ಕೊಡದೆ ಹೋಗಿದ್ದ. ತಡೆಯಲಾರದೆ ಒಂದೇ ಒಂದು ಸಲ ಕರೆ ಮಾಡಿದ್ದ. ಅದನ್ನೂ ಅವಳು ಕತ್ತರಿಸಿದ್ದಳು.

ರಸ್ತೆಯಲ್ಲಿ ನಿಂತೇ ಅತ್ತಳು. ಕನ್ನಡಕದ ಅಂಗಡಿಯವನು ಗಾಬರಿಯಾಗಿ ಸ್ಟೂಲು ತಂದಿಟ್ಟ, ನೀರು ಕೊಟ್ಟ.

ಅಕ್ಕ ಎಲ್ಲ ಕೇಳಿ, ಯಂತ್ರ ತುಳಿಯುವುದನ್ನು ನಿಲ್ಲಿಸಿದಳು. "ಮಿಂಚಿದ ಕಾಲಕ್ಕೆ ಚಿಂತಿಸಿ ಫಲ ಇಲ್ಲ ಕಣೇ. ಅವನಿಗೀಗ ಹೆಂಡ್ತಿ ಮಕ್ಕಳು ಇರಬಹುದು."

"ಇರಲಿ. ನಾನು ಇಲ್ಲ ಅಂದಿರಲಿಲ್ಲ ಅಂತ ಅವನಿಗೆ ಗೊತ್ತಾಗಬೇಕು."

"ಗೊತ್ತಾದ್ರೆ ಸಾಕಾ?"

"ಸಾಕಾಗಲ್ಲ ಅಕ್ಕ," ಎಂದಳು ಅವಳು. "ಆದರೆ ಈ ಸಲ ನಾನೇ ಹೋಗಿ ಕೇಳ್ತೀನಿ."

ಹಳೆಯ ನಂಬರು ಚಾಲ್ತಿಯಲ್ಲಿರಲಿಲ್ಲ. ಕನ್ನಡಕದ ಅಂಗಡಿಯವನಿಗೆ ಮಾತ್ರ ವಿಳಾಸ ಗೊತ್ತಿತ್ತು, ಅಂಗಡಿಗೆ ಹೊಸ ಬೋರ್ಡು ಮಾಡಿಸಿದ್ದು ಆ ಪೇಂಟರ್ ಹತ್ತಿರವೇ. ರಜೆಯ ದಿನ ಅವಳು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದಳು, ಪ್ರತಿ ನಿಲ್ದಾಣದಲ್ಲೂ ಅದು ಬಿದ್ದುಹೋಗುತ್ತಿತ್ತು.

ಅದು ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಅಂಗಡಿ. ದೊಡ್ಡ ಯಂತ್ರವೊಂದು ಹಿಂದಕ್ಕೂ ಮುಂದಕ್ಕೂ ಓಡಾಡುತ್ತ ಯಾವುದೋ ಬಟ್ಟೆ ಅಂಗಡಿಯ ಜಾಹೀರಾತನ್ನು ಉಗುಳುತ್ತಿತ್ತು. ಗಾಳಿಯಲ್ಲಿ ಇಂಕಿನ ವಾಸನೆ. ಮೂಲೆಯಲ್ಲಿ ಮೇಜಿನ ಮೇಲೆ ಬಾಗಿ ಒಬ್ಬ ಸ್ಟಿಕ್ಕರ್ ಹಾಳೆಯಿಂದ ಅಕ್ಷರಗಳನ್ನು ಬಿಡಿಸುತ್ತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ಪೇಂಟರೇ..."

ಅವನು ತಲೆ ಎತ್ತಲಿಲ್ಲ. "ಇಲ್ಲಿ ಪೇಂಟರ್ ಯಾರೂ ಇಲ್ಲ. ಎಲ್ಲ ಯಂತ್ರನೇ ಈಗ," ಎಂದವನು ಅರ್ಧಕ್ಕೆ ನಿಲ್ಲಿಸಿದ. ಆ ದನಿ ಅವನಿಗೆ ಗೊತ್ತಿತ್ತು. ನಿಧಾನವಾಗಿ ನೆಟ್ಟಗಾದ.

"ಟೀಚರ್?"

ಅವಳು ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. ಉಳಿದದ್ದು ಒಂದೇ ಪ್ರಶ್ನೆ.

"ಆವತ್ತು ನೀವು ಬಲಗಡೆ ಕಿಟಕಿ ಅಂದ್ರಲ್ಲ. ಯಾರ ಬಲಗಡೆ?"

"ನಿಮ್ಮ ಬಲಗಡೆ. ಒಳಗಡೆ ನಿಂತು ತೆಗೆಯೋರು ನೀವಲ್ವಾ?"

"ನಾನು ತೆಗೆದಿದ್ದು ನಿಮ್ಮ ಬಲಗಡೆದು. ಹೊರಗಡೆ ನಿಂತು ನೋಡೋರು ನೀವಲ್ವಾ?"

ಯಂತ್ರ ಓಡಾಡುತ್ತಲೇ ಇತ್ತು. ಅವನು ಕೈಯಲ್ಲಿದ್ದ ಅಕ್ಷರವನ್ನು ನೋಡಿದ. ಅದು ಬೆರಳಿಗೇ ಅಂಟಿಕೊಂಡಿತ್ತು. ಎರಡೂ ಕೈಯನ್ನು ಗಾಳಿಯಲ್ಲಿ ಎತ್ತಿ, ಎದುರಿಗೊಂದು ಗೋಡೆ ಇರುವ ಹಾಗೆ, ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ ತೋರಿಸಿಕೊಂಡ. ಆಮೇಲೆ ಪಕ್ಕದ ಕುರ್ಚಿಯ ಮೇಲೆ ಕುಸಿದು ಕೂತ.

"ಹೌದು ಅಂದಿದ್ರಾ?"

"ಹೌದು ಅಂದಿದ್ದೆ. ಸಂಜೆ ಗೇಟಿನ ಹತ್ರ ಬೀಗ ಹಾಕೋವರೆಗೂ ನಿಂತಿದ್ದೆ."

"ನಾನು ಆ ದಿನ ಮಧ್ಯಾಹ್ನವೇ ಹೊರಟುಬಿಟ್ಟೆ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ."

ಯಾರನ್ನು ದೂರುವುದು? ಸುಳ್ಳು ಹೇಳಿದವರಿಲ್ಲ, ಮೋಸ ಮಾಡಿದವರಿಲ್ಲ, ನಡುವೆ ಬಂದು ಹುಳಿ ಹಿಂಡಿದವರಿಲ್ಲ. ಅವನು ಅವಳ ಬಲ ಎಣಿಸಿದ, ಅವಳು ಅವನ ಬಲ ಎಣಿಸಿದಳು.

"ನೀವು ಮಾಡಿದ ಕರೆ ನಾನೇ ಕಟ್ ಮಾಡಿದೆ," ಎಂದಳು. "ಇನ್ನೊಂದು ಸಲ ಮಾಡಲಿ ಅಂತ ಕಾಯ್ತಾ ಕೂತೆ. ನಾನು ಒಂದು ಸಲ ಮಾಡಬಹುದಿತ್ತು. ಮಾಡಲಿಲ್ಲ. ಎಲ್ಲ ನನ್ನ ಕಡೆಗೇ ಬರಬೇಕು ಅನ್ನೋ ಅಹಂಕಾರ. ಕಿಟಕಿದು ಇಬ್ಬರ ತಪ್ಪು. ಆಮೇಲಿನ ಏಳು ವರ್ಷ ನನ್ನ ತಪ್ಪು."

"ನಾನೂ ಬಂದು ಕೇಳಬಹುದಿತ್ತು ಟೀಚರ್."

"ಕೇಳಲ್ಲ ಅಂತ ಮಾತು ಕೊಟ್ಟಿದ್ರಿ."

"ಎಂಥ ಮಾತು ಕೊಟ್ಟೆ ನೋಡಿ..." ಅವನು ನಗಲು ನೋಡಿದ, ಆಗಲಿಲ್ಲ.

ಅವಳು ಹೆದರುತ್ತ ಕೇಳಿದಳು. "ಅಮ್ಮ?"

"ಹೋದ ವರ್ಷ ತೀರ್ಕೊಂಡ್ರು."

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. ತನ್ನನ್ನು ನೋಡಬೇಕು ಎಂದಿದ್ದ ಆ ಮುಖವನ್ನು ಅವಳು ಇನ್ನು ನೋಡುವ ಹಾಗಿಲ್ಲ. ಯಾವ ಕಿಟಕಿ ತೆರೆದರೂ ಇಲ್ಲ. "ನನ್ನ ಬಗ್ಗೆ ಏನಂದ್ಕೊಂಡು ಹೋದ್ರು?"

ಅವನು ಬೆರಳಿಗೆ ಅಂಟಿದ ಅಕ್ಷರವನ್ನು ಬಿಡಿಸಿ ಹಾಳೆಯ ಮೇಲೆ ಇಟ್ಟ. "ಬೈದವರಲ್ಲ. 'ಆ ಹುಡುಗಿಗೂ ಏನೋ ಕಷ್ಟ ಇದ್ದಿರಬೇಕು ಬಿಡೋ' ಅಂತಿದ್ರು."

ಅವಳು ಅಳುವುದನ್ನು ಅವನು ತಡೆಯಲಿಲ್ಲ. ಎದ್ದುಹೋಗಿ ಯಂತ್ರವನ್ನು ನಿಲ್ಲಿಸಿದ, ಅಷ್ಟೇ. ಅಂಗಡಿ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು.

"ಬೇರೆ ಯಾರಾದ್ರೂ... ಮನೇಲಿ..." ಎಂದಳು ಮುಖ ಒರೆಸಿಕೊಂಡು.

"ಇಲ್ಲ. ಅಮ್ಮ ಹುಡುಕಿದ್ರು. ನನಗೆ ಆಗಲಿಲ್ಲ."

ಇನ್ನು ಉಳಿದದ್ದು ಒಂದೇ. ಅವಳು ಹುಟ್ಟಿದಾಗಿನಿಂದ ಮಾಡದ ಕೆಲಸ. ನೆಟ್ಟಗೆ ನಿಂತಳು.

"ನಾನು ಇವತ್ತಿನವರೆಗೆ ಯಾರ ಹತ್ರಾನೂ ಏನೂ ಕೇಳಿದವಳಲ್ಲ. ಈಗ ಕೇಳ್ತಿದೀನಿ. ಕಿಟಕಿ ಬೇಡ, ಬಾಗಿಲು ಬೇಡ, ಬಾಯಲ್ಲೇ ಹೇಳಿ. ನನ್ನ ಮದುವೆ ಆಗ್ತೀರಾ?"

ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. "ನನ್ನ ಹತ್ರ ಈಗ ಬ್ರಷ್ ಕೂಡ ಇಲ್ಲ ಟೀಚರ್. ಕೈ ಓಡುತ್ತೋ ಇಲ್ವೋ ಗೊತ್ತಿಲ್ಲ. ಆವತ್ತಿನ ಮನುಷ್ಯ ಅಲ್ಲ ನಾನು."

"ನಾನೂ ಆವತ್ತಿನವಳಲ್ಲ. ಉತ್ತರ ಹೇಳಿ."

"ಹೌದು," ಎಂದ ಅವನು. ದನಿ ಒಡೆಯಿತು. ಇನ್ನೊಂದು ಸಲ ಸರಿಯಾಗಿ ಹೇಳಿದ. "ಹೌದು."

ಮುಂದಿನ ವಾರ ಸಂಜೆ ಅವನು ಲ್ಯಾಬಿಗೆ ಬಂದ. ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿತ್ತು, ತಪ್ಪು ಬಾಣವನ್ನು ಹಾಗೇ ಬಿಡುವಂತಿರಲಿಲ್ಲ. ಪ್ರೀತಿ ಪ್ರೀತಿಯೇ, ಪಠ್ಯ ಪಠ್ಯವೇ. ಕೆಂಪಿನ ಮೇಲೂ ಕಪ್ಪಿನ ಮೇಲೂ ದಪ್ಪನಾಗಿ ಬಿಳಿ ಬಳಿದು, ಒಣಗುವವರೆಗೆ ಇಬ್ಬರೂ ಮುಂದಿನ ಬೆಂಚಿನಲ್ಲಿ ಚಹಾ ಕುಡಿಯುತ್ತ ಕೂತರು. ಎರಡೂ ಕಿಟಕಿಗಳು ತೆರೆದಿದ್ದವು.

"ಅಮ್ಮ ಇದ್ದಿದ್ರೆ..." ಎಂದು ಅವಳು ಶುರುಮಾಡಿದಳು, ಮುಗಿಸಲಿಲ್ಲ.

"ಹ್ಞೂಂ," ಎಂದ ಅವನು. ಅವಳ ಕೈಮೇಲೆ ಕೈಯಿಟ್ಟ.

ಬಣ್ಣ ಒಣಗಿತು. ಅವನು ಹೊಸ ಬ್ರಷ್ಷನ್ನು ಕೆಂಪಿನಲ್ಲಿ ಅದ್ದಿ ಗೋಡೆಯ ಮುಂದೆ ನಿಂತ. ಅವಳು ಅಭ್ಯಾಸಬಲದಿಂದ ಗೋಡೆಗೆ ಬೆನ್ನು ಮಾಡಿ, ಬೆಂಚುಗಳ ಕಡೆ ಮುಖ ಮಾಡಿ ನಿಂತಿದ್ದಳು.

"ಬಾಣ ಯಾವ ಕಡೆಗೆ ಟೀಚರ್?"

"ಬಲಗಡೆಗೆ."

"ಯಾರ ಬಲಗಡೆಗೆ?"

ಅವಳು ಬಾಯಿ ತೆರೆದವಳು ಮುಚ್ಚಿಕೊಂಡಳು. ಸುತ್ತಿಬಂದು ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ, ಗೋಡೆಗೆ ಮುಖ ಮಾಡಿ ನಿಂತಳು.

"ಈಗ ಬರೀರಿ. ಇಬ್ಬರ ಬಲಾನೂ ಒಂದೇ ಕಡೆ ಇದೆ."

"ಇಷ್ಟೇನಾ?" ಎಂದ ಅವನು ಮೆಲ್ಲಗೆ. "ಇಷ್ಟಕ್ಕೆ ಏಳು ವರ್ಷ ಬೇಕಾಯ್ತಾ..."

"ಬೇಕಾಯ್ತು," ಎಂದಳು. "ಬರೀರಿ, ಬಣ್ಣ ಒಣಗುತ್ತೆ."